ಚಿಕ್ಕಗಂಗಮ್ಮನ ಹುಳುಮನೆ

ಚಿಕ್ಕಗಂಗಮ್ಮ ಸರ್ಕಾರದ ಖರ್ಚಿನಲ್ಲಿ ರೇಷ್ಮೆಹುಳು ಸಾಕುವುದನ್ನು ಕಲಿತಳು. ಕಲಿತ ಮೇಲೆ ಕೆಲಸವೂ ಸಿಕ್ಕಿತು. ಹುಳುವಿನ ಹಿಕ್ಕೆ ಹೊರುವ ಕೆಲಸ. ಕಲಿಯುವ ಮೊದಲೂ ಅವಳು ಅದನ್ನೇ ಹೊರುತ್ತಿದ್ದಳು. ಆಗ ಅದಕ್ಕೆ ಕೂಲಿ ಅನ್ನುತ್ತಿದ್ದರು, ಈಗ ಉದ್ಯೋಗ ಅಂದರು.

ಸುಗಟೂರಿನ ಹತ್ತಿರ ಬಸ್ಸಿಳಿದು ಕೆರೆ ಏರಿಯ ಮೇಲೆ ನಡೆದರೆ ನರಿಗುಟ್ಟಹಳ್ಳಿ. ಏರಿಯ ಈಚೆ ಊರು, ಆಚೆ ಕೇರಿ. ಊರಿನಲ್ಲಿ ರಾಗಿ, ತರಕಾರಿ, ಹಿಪ್ಪುನೇರಳೆ ತೋಟ. ಅನುಕೂಲ ಇದ್ದವರ ಹಿತ್ತಿಲಲ್ಲೆಲ್ಲ ಒಂದೊಂದು ಹುಳುಮನೆ. ಹುಳುಮನೆ ಅಂದರೆ ದೇವರ ಮನೆಗಿಂತ ಮಡಿ. ಮುಟ್ಟಾದ ಹೆಂಗಸು ಹತ್ತಿರ ಸುಳಿಯಬಾರದು. ಕೇರಿಯವರ ನೆರಳು ಹೊಸ್ತಿಲ ಮೇಲೆ ಬಿದ್ದರೂ ಸಾಕು, ಹುಳುವಿಗೆ ಹಾಲುರೋಗ ಬರುತ್ತದೆ, ಮೈಯೆಲ್ಲ ಊದಿ ಹಾಲು ಸೋರಿ ಸಾಯುತ್ತದೆ ಅಂತ ನಂಬಿಕೆ. ದೃಷ್ಟಿ ತಾಗದಿರಲಿ ಅಂತ ಬಾಗಿಲ ಮೇಲೆ ಬೇವಿನ ಸೊಪ್ಪಿನ ಜೊತೆಗೆ ಒಂದು ಸವೆದ ಚಪ್ಪಲಿ ಕಟ್ಟಿರುತ್ತಾರೆ. ಊರಿನ ಆ ಚಪ್ಪಲಿಗಳನ್ನೆಲ್ಲ ಹೊಲಿದವನು ಚಿಕ್ಕಗಂಗಮ್ಮನ ಮಾವ. ಅವನು ಹೊಲಿದದ್ದು ಬಾಗಿಲ ಮೇಲೆ ನೇತಾಡಬಹುದಿತ್ತು. ಅದರ ಕೆಳಗೆ ಅವನು ದಾಟುವ ಹಾಗಿರಲಿಲ್ಲ. ಹಾಗೇ ಸತ್ತ, ಪಾಪ.

ಎಂಬತ್ತೆರಡನೇ ಇಸವಿಯಲ್ಲಿ ಸರ್ಕಾರಕ್ಕೆ ಕೇರಿಯ ಹೆಂಗಸರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಪ್ರತಿ ಪಂಚಾಯಿತಿಯಿಂದ ಒಬ್ಬಳನ್ನು ಕಳಿಸಿ, ಹುಳು ಸಾಕುವುದು ಕಲಿಸುತ್ತೇವೆ, ಆಮೇಲೆ ಹುಳುಮನೆ ಕಟ್ಟಿಸಿಕೊಟ್ಟು ಕಾಲಮೇಲೆ ನಿಲ್ಲಿಸುತ್ತೇವೆ ಅಂತ ಮೇಲಿನಿಂದ ಆದೇಶ ಬಂತು. ಪಂಚಾಯಿತಿ ಛೇರ್ಮನ್ ಕೋದಂಡರಾಮಪ್ಪ ಚಿಕ್ಕಗಂಗಮ್ಮನನ್ನು ಆರಿಸಿದ. ಅವಳು ಅವನ ಮನೆಯ ಕಸ ಹೊರುವವಳು, ಎದುರು ಮಾತಾಡದವಳು. ಗಂಡ ಕದಿರೇಶ ಮಾಲೂರಿನ ಹೆಂಚಿನ ಕಾರ್ಖಾನೆ ಸೇರಿ ಹಬ್ಬಕ್ಕೊಮ್ಮೆ ಬಂದು ಹೋಗುವವನು. ಇನ್ನು ಕೇಳುವವರು ಯಾರಿದ್ದಾರೆ ಅನ್ನುವುದು ಛೇರ್ಮನ್ನನ ಲೆಕ್ಕ.

ಆ ಮಳೆಗಾಲ ಪೂರ್ತಿ ಅವಳು ಕೋಲಾರದ ಕಡೆಯ ಒಂದು ತರಬೇತಿ ಕೇಂದ್ರದಲ್ಲಿದ್ದಳು. ಮೊದಲ ದಿನ ಹುಳುವಿನ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು. ಕಾಲು ಮುಂದಕ್ಕೆ ಬರಲಿಲ್ಲ. ಕಲಿಸುವ ಭಾರತಮ್ಮ ಯಾಕಮ್ಮ ಅಂದರು. ಇವಳು ತನ್ನ ಜಾತಿ ಹೇಳಿದಳು. ಭಾರತಮ್ಮ ಇವಳ ಅಂಗೈ ಹಿಡಿದು ನೋಡಿದರು.

"ಕೈ ತೊಳ್ಕೊಂಡಿದ್ದೀಯಲ್ಲ. ಹುಳಕ್ಕೆ ಅಷ್ಟು ಸಾಕು. ಬಾ ಒಳಕ್ಕೆ."

ಅಂಗೈ ಮೇಲೆ ಒಂದು ಹುಳು ಇಟ್ಟರು. ತಣ್ಣಗಿತ್ತು. ಕತ್ತೆತ್ತಿ ಆಕಡೆ ಈಕಡೆ ನೋಡಿ ಅವಳ ಬೆರಳ ಸಂದಿಯಲ್ಲಿ ತೆವಳಿತು. ಸಾಯಲಿಲ್ಲ. ಹುಟ್ಟಿದಾಗಿನಿಂದ ಅದರ ಹಿಕ್ಕೆ ಹೊತ್ತ ಹೆಂಗಸು ಅವತ್ತು ಮೊದಲ ಸಲ ಅದನ್ನು ಮುಟ್ಟಿದಳು. ಸಂತೋಷಕ್ಕೆ ಅಳು ಬಂತು. ಅತ್ತಳು. ಅಲ್ಲಿಂದ ಮುಂದೆ ಅವಳಿಗೆ ಇದ್ದದ್ದು ಒಂದೇ ಆಸೆ. ತನ್ನದು ಅಂತ ಒಂದು ತಟ್ಟೆ ಹುಳು ಸಾಕಿ, ಗೂಡು ಕಟ್ಟಿಸಿ, ತನ್ನ ಕೈಯಿಂದ ಬಿಡಿಸಬೇಕು.

ಊರಿಗೆ ಬಂದಾಗ ಛೇರ್ಮನ್ ಬಲು ಕಾಳಜಿಯಿಂದ ಮಾತಾಡಿಸಿದ.

"ನಿಂಗೆ ತೋಟ ಇಲ್ಲ, ಜಾಗ ಇಲ್ಲ. ಕೇರೀಲಿ ಹುಳುಮನೆ ಕಟ್ಟಿದ್ರೆ ಹುಳಕ್ಕೆ ಏನು ಹಾಕ್ತೀಯೆ, ನಿನ್ನ ತಲೆಕೂದ್ಲಾ? ನಮ್ಮ ಹಿತ್ತಿಲಲ್ಲೇ ಕಟ್ಸಾಣ. ಸೊಪ್ಪು ನಮ್ದು. ಹೆಸ್ರು ಮಾತ್ರ ನಿಂದೇ ಇರ್ತದೆ, ಅದ್ರಲ್ಲಿ ಮೋಸ ಇಲ್ಲ."

ಮೋಸ ನಿಜವಾಗಿಯೂ ಇರಲಿಲ್ಲ. ಹೆಂಚಿನ ಹುಳುಮನೆ ಎದ್ದಿತು. ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ದೊಡ್ಡದಾಗಿ 'ಫಲಾನುಭವಿ: ಚಿಕ್ಕಗಂಗಮ್ಮ' ಅಂತ ಬರೆಸಿದರು. ಅವಳಿಗೆ ತನ್ನ ಹೆಸರು ಓದಲು ಬರುತ್ತಿತ್ತು. ಕೇಂದ್ರದಲ್ಲಿ ಕಲಿಸಿದ್ದರು. ದಾರಿಯಲ್ಲಿ ನಿಂತು ಓದಿಕೊಂಡಳು. ಒಳಗೆ ದೀಪ ಹಚ್ಚಿದವಳು ಛೇರ್ಮನ್ನನ ಹೆಂಡತಿ ಆದಿಲಕ್ಷ್ಮಮ್ಮ.

ಚಿಕ್ಕಗಂಗಮ್ಮನಿಗೆ ಹೊರಗಿನ ಕೆಲಸ. ತೋಟದಿಂದ ಸೊಪ್ಪಿನ ಹೊರೆ ತರಬೇಕು. ಹೊಂಗೆ ಮರದ ಕೆಳಗೆ ಕೂತು ಸಣ್ಣಗೆ ಹೆಚ್ಚಬೇಕು. ಬೆಳಗಾಗುತ್ತಲೇ ಹಿಂಬಾಗಿಲ ಹೊರಗೆ ಸುರಿದ ಹಿಕ್ಕೆಯನ್ನು ಮಂಕರಿಗೆ ತುಂಬಿ ತಿಪ್ಪೆಗೆ ಹೊತ್ತು ಹಾಕಬೇಕು. ಮಂಕರಿ ಸೋರಿ ಹಸಿರು ನೀರು ಕತ್ತಿನ ಮೇಲೆ ಇಳಿಯುತ್ತಿತ್ತು. ಬೆನ್ನಿಗೆ ಅಂಟುತ್ತಿತ್ತು. ಕುತ್ತಿಗೆ ನೋಯುತ್ತಿತ್ತು. ಒಳಗಿನಿಂದ ಹುಳುಗಳು ಸೊಪ್ಪು ತಿನ್ನುವ ಸದ್ದು, ಸಣ್ಣ ಮಳೆ ಹುಯ್ದ ಹಾಗೆ, ಕೇಳುತ್ತಿತ್ತು. ಕೇಳುವುದಕ್ಕೆ ಮಡಿ ಅಡ್ಡ ಬರುತ್ತಿರಲಿಲ್ಲ.

ಸೊಪ್ಪು ಮಾತ್ರ ಅವಳ ಕೈಯಿಂದಲೇ ಒಳಗೆ ಹೋಗಬೇಕಾಗಿತ್ತು. ಅದಕ್ಕೆ ಆದಿಲಕ್ಷ್ಮಮ್ಮ ಒಂದು ಉಪಾಯ ಮಾಡಿದಳು. ಚಿಕ್ಕಗಂಗಮ್ಮ ಹೆಚ್ಚಿದ ಸೊಪ್ಪಿನ ಮೇಲೆ ಅರಿಶಿನದ ನೀರು ಚಿಮುಕಿಸಿ, ಶುದ್ಧ ಮಾಡಿ, ಆಮೇಲೆ ಹುಳುವಿಗೆ ಹಾಕುತ್ತಿದ್ದಳು. ಒದ್ದೆ ಸೊಪ್ಪು ತಿಂದರೆ ಹುಳು ಉಳಿಯುವುದಿಲ್ಲ. ಇದು ಊರಿಗೆಲ್ಲ ಗೊತ್ತು. ಆದಿಲಕ್ಷ್ಮಮ್ಮನಿಗೂ ಗೊತ್ತು. ಮಳೆಯಲ್ಲಿ ತಂದ ಸೊಪ್ಪನ್ನು ಅವಳೇ ಬಟ್ಟೆಯಲ್ಲಿ ಒರೆಸುವವಳು. ಆದರೆ ಅರಿಶಿನದ ನೀರು ಅವಳ ಲೆಕ್ಕದಲ್ಲಿ ನೀರೇ ಅಲ್ಲ. ಚಿಕ್ಕಗಂಗಮ್ಮ ಒಂದು ದಿನ ಧೈರ್ಯ ಮಾಡಿ, ಅಮ್ಮಯ್ಯಾ ಸೊಪ್ಪು ಒದ್ದೆಯಾಗ್ತದೆ ಅಂದಳು. ನಾಲ್ಕಕ್ಷರ ಕಲಿತು ಬಂದ ತಕ್ಷಣ ನನಗೇ ಹೇಳೋಕೆ ಬಂದಳು ಅಂತ ಬೈಸಿಕೊಂಡಳು. ಅಲ್ಲೇ ಕುರ್ಚಿಯಲ್ಲಿ ರೇಷ್ಮೆ ಇನ್‌ಸ್ಪೆಕ್ಟರ್ ಆಂಜಿನಪ್ಪ ಕೂತಿದ್ದ. ಒದ್ದೆ ಸೊಪ್ಪಿನ ಪಾಠ ಕೇಂದ್ರಕ್ಕೆ ಬಂದು ಹೇಳಿದ್ದವನು ಅವನೇ. ಅವನು ಕಾಫಿ ಲೋಟದೊಳಗೆ ನೋಡುತ್ತಾ ಕೂತ.

ಮೊದಲ ಬೆಳೆ ನೆಲಕಚ್ಚಿತು. ಹುಳುಗಳು ಕಪ್ಪಾಗಿ ಕರಗಿ ತಟ್ಟೆಗೆ ಅಂಟಿಕೊಂಡವು. ನಾತ ತಡೆಯಲಾರದೆ ಆದಿಲಕ್ಷ್ಮಮ್ಮ ಮೂಗಿಗೆ ಸೆರಗು ಹಿಡಿದಳು. ಹೊತ್ತು ಹಾಕಿದವಳು ಚಿಕ್ಕಗಂಗಮ್ಮ.

ಊರವರು ಭಜನೆಮನೆ ಮುಂದೆ ಸೇರಿದರು. ಇವಳ ನೆರಳೇ ಕಾರಣ ಅಂತ ತೀರ್ಮಾನವಾಯಿತು. ಅವಳನ್ನು ಬಿಸಿಲಲ್ಲಿ ನಿಲ್ಲಿಸಿ, ಬಗ್ಗಿ ನೆಲ ಮುಟ್ಟಿ ತಪ್ಪಾಯಿತು ಅಂತ ಹೇಳಿಸಿದರು. ಒಂದು ಸಲ ಹೇಳಿದ್ದು ಹಿಂದೆ ಕೂತವರಿಗೆ ಕೇಳಿಸಲಿಲ್ಲವಂತೆ. ಇನ್ನೊಂದು ಸಲ ಹೇಳಿಸಿದರು. ಹಿಂದಿನ ವರ್ಷ ಊರಿನ ರೈತ ಚನ್ನರಾಯಪ್ಪನ ಹುಳುಮನೆಯೊಳಗೆ ಕೇರಿಯ ಮುದುಕನೊಬ್ಬ ಮಳೆಗೆ ಸಿಕ್ಕಿ ಅಡಗಿ ನಿಂತಿದ್ದ. ಆಗ ಛೇರ್ಮನ್ ಇದೇ ಜಾಗದಲ್ಲಿ ಕೂತು, ಮುಟ್ಟಿದ ಹುಳು ಊರಿನಲ್ಲಿರಬಾರದು, ತಿಪ್ಪೆಗೆ ಹಾಕು ಅಂತ ನ್ಯಾಯ ಹೇಳಿದ್ದ. ಚನ್ನರಾಯಪ್ಪ ಗೂಡಿಗೆ ಬರಲಿದ್ದ ಹುಳುವನ್ನು ಕಣ್ಣೀರು ಹಾಕುತ್ತಾ ಎಸೆದಿದ್ದ. ಮಡಿ ಮೈಲಿಗೆಯಲ್ಲಿ ಛೇರ್ಮನ್ ದಾಕ್ಷಿಣ್ಯ ಮಾಡುವವನಲ್ಲ ಅಂತ ಹೆಸರು ಬಂದಿತ್ತು.

ಎರಡನೇ ಬೆಳೆಗೆ ಚಿಕ್ಕಗಂಗಮ್ಮನಿಂದ ಸೊಪ್ಪು ಹೆಚ್ಚುವ ಕೆಲಸ ಕಿತ್ತುಕೊಂಡರು. ಅವಳು ಮುಟ್ಟದ ಸೊಪ್ಪಿಗೆ ಅರಿಶಿನದ ನೀರು ಬೇಕಾಗಲಿಲ್ಲ. ಹುಳು ನೀರು ತಾಗದ ಸೊಪ್ಪು ತಿಂದು ಗುಂಡುಗುಂಡಾಗಿ ಬೆಳೆದವು. ನೋಡಿದಿರಾ, ಅವಳ ಕೈ ಸೋಕದೆ ಇದ್ದದ್ದಕ್ಕೇ ಅಲ್ಲವಾ ಅಂತ ಊರೆಲ್ಲ ತಲೆಯಾಡಿಸಿತು. ಇನ್ನೇನು ಸಾಕ್ಷಿ ಬೇಕು.

ಹುಳು ನಾಲ್ಕನೇ ಜ್ವರ ಎದ್ದಿದ್ದವು. ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ಮಲಗುತ್ತವಲ್ಲ, ಅದಕ್ಕೆ ಜ್ವರ ಅನ್ನುತ್ತಾರೆ. ಕೊನೆಯ ಜ್ವರ ಎದ್ದ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅದು ಮುಗಿದು ಹಣ್ಣಾದರೆ ಸೊಪ್ಪಿನ ಕಡೆ ತಿರುಗಿಯೂ ನೋಡುವುದಿಲ್ಲ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅಂಥ ಹೊತ್ತಿಗೆ ಬೆಂಗಳೂರಿನಿಂದ ದೊಡ್ಡ ಸಾಹೇಬರು ಬರುತ್ತಾರೆ ಅಂತ ಆಂಜಿನಪ್ಪ ಓಡಿ ಬಂದ. ತರಬೇತಿ ಪಡೆದು ಉದ್ಧಾರವಾದ ಕೇರಿಯ ಹೆಂಗಸರ ಪುಸ್ತಕ ಅಚ್ಚಾಗುತ್ತದಂತೆ. ಚಿಕ್ಕಗಂಗಮ್ಮ ಹುಳುವಿನ ಜೊತೆ ನಿಂತ ಫೋಟೋ ಬೇಕಂತೆ. ಒಳ್ಳೆ ಫೋಟೋ ಬಂದರೆ ಊರಿಗೆ ಇನ್ನೂ ಹುಳುಮನೆ ಸಿಗುತ್ತವೆ. ಸಿಕ್ಕರೆ ಯಾರ ಹಿತ್ತಿಲಲ್ಲಿ ಏಳುತ್ತವೆ ಅಂತ ಛೇರ್ಮನ್ನನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ಪೇಚಾಟಕ್ಕೆ ಬಂತು. ಅವಳು ಒಳಗೆ ಬಂದರೆ ಹುಳು ಕೆಟ್ಟವು. ಬಾರದಿದ್ದರೆ ಫೋಟೋ ಕೆಟ್ಟಿತು. ದಾರಿ ಹುಡುಕಿದವನು ಆಂಜಿನಪ್ಪ. ಯಾವ ಬೆಳೆಯಲ್ಲೂ ಒಂದಷ್ಟು ಹುಳುವಿಗೆ ಹಾಲುರೋಗ ಬಂದೇ ಬರುತ್ತದೆ. ಎಸೆಯಲು ಆರಿಸಿಟ್ಟ ಆ ಹುಳುಗಳನ್ನೇ ಒಂದು ತಟ್ಟೆಗೆ ಹಾಕಿ, ಅಂಗಳದಲ್ಲಿ ಅವಳ ಕೈಗೆ ಕೊಡುವುದು. ಕಪ್ಪುಬಿಳುಪು ಫೋಟೋದಲ್ಲಿ ರೋಗ ಕಾಣುವುದಿಲ್ಲ.

ಜೀಪು ಬಂತು. ಸಾಹೇಬರು, ಕ್ಯಾಮರಾದವನು ಇಳಿದರು. ಊರವರು ಹಿತ್ತಿಲ ಗೋಡೆಯ ಆಚೆ ನೆರೆದರು. ಚಿಕ್ಕಗಂಗಮ್ಮ ತಟ್ಟೆ ಹಿಡಿದು ನಿಂತಳು. ಹಳದಿಗೆ ತಿರುಗಿ ಊದಿಕೊಂಡ ಹುಳುಗಳು. ಒಂದೊಂದೇ ಒಡೆದು ಸೋರುತ್ತಿದ್ದವು. ಸೋರಿದ್ದು ಅವಳ ಮಣಿಕಟ್ಟಿನಿಂದ ಮೊಳಕೈಗೆ ಇಳಿಯಿತು. ಸ್ವಲ್ಪ ನಗಮ್ಮ ಅಂದ ಆಂಜಿನಪ್ಪ. ಅವಳು ನಕ್ಕಳು. ಸಾಹೇಬರಿಗೆ ಅಷ್ಟಕ್ಕೇ ಬಿಡಬೇಕು ಅನ್ನಿಸಲಿಲ್ಲ. ಒಳ್ಳೆಯ ಮನುಷ್ಯ, ಹತ್ತಿರ ಬಂದು ಕೇಳಿದರು.

"ಇವು ನಿನ್ನ ಹುಳುವೇನಮ್ಮ?"

ಅವಳದೇ ಸಾರ್, ಎಲ್ಲಾ ಅವಳದೇ ಅಂತ ಛೇರ್ಮನ್ ಮುಂದೆ ಬಂದ.

ಚಿಕ್ಕಗಂಗಮ್ಮ ತಟ್ಟೆಯನ್ನು ನೋಡಿದಳು. ನನ್ನದು ಅಂತ ಇವರು ಕೊಡುವುದು ಸಾಯುವುದನ್ನು ಮಾತ್ರ ಅನ್ನಿಸಿತು. ಭಜನೆಮನೆಯ ಬಿಸಿಲು ನೆನಪಾಯಿತು.

"ಇವಲ್ಲ ಸಾರ್. ಇವು ಸಾಯೋ ಹುಳ, ತಿಪ್ಪೆಗೆ ಹಾಕೋವು. ನನ್ನವು ಒಳಗವೆ. ಬನ್ನಿ, ತೋರಿಸ್ತೀನಿ."

ತಟ್ಟೆ ನೆಲಕ್ಕಿಟ್ಟಳು. ಬಾಗಿಲ ಪಕ್ಕದ ಕೊಳಗದಲ್ಲಿ ಸಾಬೂನು ಹಾಕಿ ಕೈ ತೊಳೆದಳು. ಕಾಲು ತೊಳೆದಳು. ಬೇವಿನ ಸೊಪ್ಪಿನ ಕೆಳಗೆ ತಲೆ ಬಗ್ಗಿಸದೆ ಒಳಗೆ ಹೋದಳು.

ಛೇರ್ಮನ್ನನ ಮುಖದ ಮೇಲೆ ನಗು ಹಾಗೇ ಇತ್ತು. ಸಾಹೇಬರ ಮುಂದೆ ಅದನ್ನು ತೆಗೆಯುವ ಹಾಗಿರಲಿಲ್ಲ. ಸಾಹೇಬರು ಕೆಸರು ಮೆತ್ತಿದ ಬೂಟಿನ ಕಾಲಲ್ಲೇ ಅವಳ ಹಿಂದೆ ನಡೆದರು. ಬೂಟಿನಿಂದ ಹುಳುವಿಗೆ ಏನೂ ಆಗುವುದಿಲ್ಲ ಅಂತ ಕಾಣುತ್ತದೆ, ಯಾರೂ ತಡೆಯಲಿಲ್ಲ.

ಒಳಗೆ ಅಟ್ಟಣೆಯ ತುಂಬ ತಟ್ಟೆಗಳು. ಚಿಕ್ಕಗಂಗಮ್ಮ ಒಂದು ಹುಳುವನ್ನೆತ್ತಿ ಅಂಗೈ ಮೇಲೆ ಇಟ್ಟುಕೊಂಡಳು. ಕ್ಯಾಮರಾ ಬೆಳಗಿತು. ಆ ಬೆಳಕಿನಲ್ಲಿ ಹುಳುವಿನ ಮೈಯ ಆಚೆ ತನ್ನ ಅಂಗೈ ಗೆರೆ ಕಂಡಂತಾಯಿತು. ಇನ್ನೊಂದು ತಟ್ಟೆ ನೋಡಿದಳು. ಅಲ್ಲೂ ಹುಳುಗಳು ಸೊಪ್ಪು ಬಿಟ್ಟು ಕತ್ತೆತ್ತಿದ್ದವು. ಹಣ್ಣಾಗಿದ್ದವು. ಸಾಹೇಬರು ಶಾಭಾಷ್ ಅಂದರು. ಸರ್ಕಾರದ ಯೋಜನೆ ಇಷ್ಟು ಚೆನ್ನಾಗಿ ನಡೆದದ್ದನ್ನು ತಾವು ಎಲ್ಲೂ ನೋಡಿಲ್ಲ ಅಂದರು. ಎಳನೀರು ಕುಡಿದು ಹೋದರು.

ಜೀಪಿನ ಧೂಳು ಇಳಿಯುವ ಮುಂಚೆ ಛೇರ್ಮನ್ ಕೈಯೆತ್ತಿದ. ಹೊಡೆಯುವುದಕ್ಕೂ ಮುಟ್ಟಬೇಕಲ್ಲ. ಅದಕ್ಕೆ ಹಿಪ್ಪುನೇರಳೆ ಕಡ್ಡಿ ತೆಗೆದು ಅವಳ ಮೇಲೆ ಎಸೆದ. ಭುಜಕ್ಕೆ ಬಿತ್ತು. ಇನ್ನೊಂದು ಎಸೆದ. ಅವಳು ಕದಲಲಿಲ್ಲ. ಆಗ ಗೋಡೆಯ ಆಚೆಯಿಂದ ಚನ್ನರಾಯಪ್ಪನ ಧ್ವನಿ ಕೇಳಿತು.

"ಹೋದ್ವರ್ಷ ನಮ್ಮ ಹುಳಕ್ಕೆ ಒಂದು ನ್ಯಾಯ ಹೇಳಿದ್ದೆ, ಕೋದಂಡರಾಮಣ್ಣ. ಇವತ್ತೂ ಅದೇ ನ್ಯಾಯ ತಾನೆ?"

ಗೋಡೆಯುದ್ದಕ್ಕೂ ಊರವರ ತಲೆಗಳು. ಎಲ್ಲರೂ ಕಾಯುತ್ತಿದ್ದರು. ಛೇರ್ಮನ್ ಹುಳುಮನೆ ನೋಡಿದ, ಹೆಂಡತಿಯನ್ನು ನೋಡಿದ. ಅವನಿಗೂ ಹುಳು ಹಣ್ಣಾದದ್ದು ಗೊತ್ತಿತ್ತು. ಇನ್ನೆರಡು ಮೂರು ದಿನದಲ್ಲಿ ಗೂಡು. ಆದರೆ ಇಷ್ಟು ವರ್ಷ ಕಾಪಾಡಿಕೊಂಡ ಮಡಿಯ ಹೆಸರು ಎದುರಿಗೆ ನಿಂತಿತ್ತು. ಹಾಕ್ತೀನಿ ತಿಪ್ಪೆಗೆ, ನಂಗೇನು ಬೇರೆ ನ್ಯಾಯ ಇಲ್ಲ ಅಂದ. ಯಾರು ಹೊರಬೇಕು ಅಂತ ಕೇಳುವ ಹಾಗೇ ಇರಲಿಲ್ಲ. ಮುಟ್ಟಿದವಳೇ ಹೊತ್ತು ಹಾಕಲಿ ಅಂತ ಆದಿಲಕ್ಷ್ಮಮ್ಮ ಕೂಗಿದಳು.

ಹೀಗೆ, ಹುಳುಮನೆಯೊಳಗೆ ಕಾಲಿಡಬಾರದವಳಿಗೆ ಹುಳುಮನೆಯೊಳಗೆ ಹೋಗು ಅಂತ ಅಪ್ಪಣೆಯಾಯಿತು.

ಮೊದಲ ಮಂಕರಿಗೆ ಅವಳು ಬಾಚಿ ಬಾಚಿ ತುಂಬಿದಳು. ಭಯಕ್ಕೆ, ಸಿಟ್ಟಿಗೆ. ಜೀವ ತುಂಬಿದ ಹುಳುಗಳನ್ನು ಕೊಲ್ಲುವುದು ತನ್ನ ಕೈಯಿಂದಲೇ ಆಗಬೇಕೇ ಅನ್ನಿಸಿತು. ಎರಡನೇ ತಟ್ಟೆಗೆ ಕೈ ಹಾಕಿದಾಗ ಒಂದು ಹುಳು ಅವಳ ಬೆರಳಿಗೆ ಅಂಟಿಕೊಂಡು ಬಾಯಿಂದ ಎಳೆ ಬಿಟ್ಟಿತು. ಅವಳು ನಿಂತುಬಿಟ್ಟಳು. ಹಣ್ಣಾದ ಹುಳುವಿಗೆ ಸೊಪ್ಪು ಬೇಡ. ತೋಟ ಬೇಡ. ಹತ್ತಿ ಗೂಡು ಕಟ್ಟಲು ನಾಲ್ಕು ಒಣ ಕಡ್ಡಿ ಸಾಕು. ಅದು ಕೇರಿಯಲ್ಲೂ ಇದೆ.

ಆಮೇಲೆ ಅವಳು ಮೆಲ್ಲಗೆ ತುಂಬಿದಳು. ತಿಪ್ಪೆಗೆ ಹಾಕು ಅಂದರು, ತಿಪ್ಪೆಗೇ ಹಾಕಿದಳು. ಒಂದು ಮಾತೂ ಮೀರಲಿಲ್ಲ. ಎರಡನೇ ಮಂಕರಿ ಹೊತ್ತು ತರುವಷ್ಟರಲ್ಲಿ ತಿಪ್ಪೆಯ ಹತ್ತಿರ ಅತ್ತೆ ಮುತ್ಯಾಲಮ್ಮ ಓಡಿ ಬಂದಿದ್ದಳು. ಸೊಸೆಗೆ ಹೊಡೆದರಂತೆ ಅಂತ ಸುದ್ದಿ ಕೇಳಿ ಅಳುತ್ತಾ ಬಂದಿದ್ದಳು.

"ಅಳೋದು ಆಮೇಲೆ ಅತ್ತೆ. ಸೀರೆ ತಂದು ಹಾಸು. ಎಲ್ರನ್ನೂ ಕರ್ಕೊಂಡ್ಬಾ."

ಮುತ್ಯಾಲಮ್ಮನಿಗೆ ಮೊದಲು ದಿಗಿಲಾಯಿತು. ನಾಳೆ ಕೂಲಿಗೆ ಯಾರು ಕರೀತಾರೆ ಅಂದಳು. ಆಮೇಲೆ ಸೊಸೆಯ ಭುಜದ ಬಾಸುಂಡೆ ನೋಡಿದಳು. ಕೇರಿಯ ಕಡೆ ತಿರುಗಿದಳು. ಕೇರಿಯ ಹೆಂಗಸರೆಲ್ಲ ಬಂದರು. ಸೀರೆ ಹಾಸಿದರು. ತಿಪ್ಪೆಯ ಮೇಲೆ ಬಿದ್ದ ಹುಳುವನ್ನು ಒಂದೊಂದೇ ಆರಿಸಿದರು. ಅವರಲ್ಲಿ ಒಬ್ಬಳೂ ಹಿಂದೆ ಹುಳು ಮುಟ್ಟಿದವಳಲ್ಲ. ಹೆದರಿ ಹೆದರಿ ಎತ್ತಿದರು. ಚಿಕ್ಕಗಂಗಮ್ಮ ಒಬ್ಬೊಬ್ಬರಿಗೂ ಕೈ ತೊಳೆಸಿದಳು. ಏರಿಯ ಮೇಲಿನಿಂದ ಊರವರು ನೋಡಿ ನಕ್ಕರು. ಛೇರ್ಮನ್ನೂ ನಕ್ಕ. ಕೇರಿಯಲ್ಲಿ ಹುಳು ಒಂದು ಗಳಿಗೆ ಉಳಿದರೆ ತನ್ನ ಮೀಸೆ ತೆಗೆಸುತ್ತೇನೆ ಅಂದ.

ಚಿಕ್ಕಗಂಗಮ್ಮನ ಗುಡಿಸಲಿನಲ್ಲಿ ಒಲೆ ಆರಿಸಿದರು. ಹುಳುವಿಗೆ ಹೊಗೆ ಆಗದು. ಸೌದೆಗೆ ತಂದಿದ್ದ ತಂಗಡಿಯ ಒಣ ಕೊಂಬೆಗಳನ್ನು ಹರಡಿ ಅವುಗಳ ಮೇಲೆ ಹುಳು ಹತ್ತಿಸಿದರು. ಜಾಗ ಸಾಲದೆ ಪಕ್ಕದ ಗುಡಿಸಲುಗಳಲ್ಲೂ ಹರಡಿದರು. ಕೇರಿ ಆ ದಿನಗಳಲ್ಲಿ ಬಯಲಲ್ಲಿ ಅಡಿಗೆ ಮಾಡಿ, ಬಯಲಲ್ಲೇ ಮಲಗಿತು. ಊರಿನಲ್ಲಿ ಒಬ್ಬರೂ ಕೂಲಿಗೆ ಕರೆಯಲಿಲ್ಲ. ಅಂಗಡಿಯವನು ಉಪ್ಪು ಕೊಡಲಿಲ್ಲ. ಉಪ್ಪಿಲ್ಲದ ಮುದ್ದೆ ನುಂಗಿದರು. ಚಿಕ್ಕಗಂಗಮ್ಮನಿಗೆ ತನ್ನಿಂದ ಇಷ್ಟು ಜನ ಹಸಿದರಲ್ಲ ಅಂತ ಸಂಕಟವಾಗುತ್ತಿತ್ತು. ಗುಡಿಸಲೊಳಗೆ ಬಗ್ಗಿ ನೋಡುವಳು. ಕೊಂಬೆಯ ಸಂದುಸಂದಿನಲ್ಲಿ ಹಳದಿ ಗೂಡು ದಪ್ಪವಾಗುತ್ತಿತ್ತು. ಒಂದಷ್ಟು ಸತ್ತಿದ್ದವು. ಬಾಕಿಯವು ಕಟ್ಟಿದ್ದವು.

ಸುದ್ದಿ ಊರಿಗೆ ಮುಟ್ಟಿತು. ಛೇರ್ಮನ್ ಮೀಸೆಯ ಮಾತು ಮರೆತ. ಕಳ್ಳತನ ಅಂತ ಪೊಲೀಸಿಗೆ ಬರೆದುಕೊಡಲು ಆಂಜಿನಪ್ಪನನ್ನು ಕರೆಸಿದ. ಆಂಜಿನಪ್ಪ ಬಹಳ ಹೊತ್ತು ಬೆವರು ಒರೆಸಿಕೊಂಡ. ಹುಳುಮನೆ ಅವಳ ಹೆಸರಿನಲ್ಲಿದೆ. ಮೊಟ್ಟೆ, ತಟ್ಟೆ ಅವಳ ಹೆಸರಿನಲ್ಲಿ ಬಂದದ್ದು. ನೀವೇ ಸಾಹೇಬರ ಮುಂದೆ ಎಲ್ಲಾ ಅವಳದೇ ಅಂದಿರಿ. ಅವಳು ತನ್ನ ಹುಳುವನ್ನೇ ಕದ್ದಳು ಅಂತ ಹೇಗೆ ಬರೆಯೋದು ಸಾರ್ ಅಂದ. ಅವನ ಜೀವನದಲ್ಲಿ ಅಷ್ಟು ನಿಜ ಒಟ್ಟಿಗೆ ಹೇಳಿದ್ದು ಅದೇ ಮೊದಲಿರಬೇಕು. ಧೈರ್ಯದಿಂದ ಹೇಳಿದ್ದಲ್ಲ, ಕೆಲಸ ಹೋದೀತು ಅನ್ನುವ ಭಯದಿಂದ.

ಗೂಡು ಬಿಡಿಸುವ ದಿನ ಛೇರ್ಮನ್ ತಾನೇ ಬಂದ. ಏರಿ ಇಳಿದು ಕೇರಿಯ ಮೊದಲ ಗುಡಿಸಲಿಗೆ ಸ್ವಲ್ಪ ದೂರದಲ್ಲಿ ನಿಂತ. ಅದು ಚಿಕ್ಕಗಂಗಮ್ಮನದೇ. ಅವನ ಹಿಂದೆ ಏರಿಯ ಮೇಲೆ ಚನ್ನರಾಯಪ್ಪ, ಅವನ ಹಿಂದೆ ಊರು. ಚಿಕ್ಕಗಂಗಮ್ಮ ಬಾಗಿಲಿಗೆ ಬಂದಳು. ಮುಂದಿನ ಬೆಳೆಗೂ ಕೆಲಸ ಕೊಡುತ್ತೇನೆ, ಕೇರಿಗೆಲ್ಲ ಕೂಲಿಗೆ ಕರೆಯುತ್ತೇನೆ, ಗೂಡನ್ನು ಮೂಟೆ ಕಟ್ಟಿ ಏರಿಯ ಮೇಲಿಟ್ಟುಬಿಡು ಅಂದ. ಮುಟ್ಟಿದ ಗೂಡು ನಿಮಗೆ ಆಗ್ತದಾ ಅಂತ ಅವಳು ಕೇಳಿದಳು. ಗೂಡಿಗೆ ಮೈಲಿಗೆ ಇಲ್ಲ, ಅದು ರೇಷ್ಮೆ ಅಂದ.

"ಸೊಪ್ಪು ನಂದು ಕಣೇ, ಹುಳ ನಂದು. ನಂದು ನಂಗೆ ಕೊಡು."

ಚಿಕ್ಕಗಂಗಮ್ಮ ಬಾಗಿಲಿನಿಂದ ಒಂದು ಪಕ್ಕಕ್ಕೆ ಸರಿದಳು. ಒಳಗಿನ ಕೊಂಬೆ, ಕೊಂಬೆಯ ಮೇಲಿನ ಗೂಡು ಅವನಿಗೆ ನಿಂತಲ್ಲಿಂದಲೇ ಕಾಣುತ್ತಿತ್ತು.

"ನಿಮ್ದಾದ್ರೆ ಬನ್ನಿ ಛೇರ್ಮನ್ನೋರೆ, ಒಳಕ್ಕೆ ಬಂದು ತಗೊಂಡೋಗಿ. ನಾವು ಯಾರೂ ತಡಿಯಲ್ಲ."

ಅವನು ಒಂದು ಹೆಜ್ಜೆ ಇಟ್ಟ. ತಿರುಗಿ ಏರಿಯ ಕಡೆ ನೋಡಿದ. ಎಲ್ಲರೂ ನೋಡುತ್ತಿದ್ದರು. ಬಾಗಿಲ ಕಡೆ ನೋಡಿದ. ಅಲ್ಲೂ ನೋಡುತ್ತಿದ್ದರು. ಪಂಚೆ ಎತ್ತಿಕಟ್ಟಿದ, ಮತ್ತೆ ಇಳಿಬಿಟ್ಟ. ಆಮೇಲೆ ಉಗುಳಿ, ಬಂದ ದಾರಿಯಲ್ಲಿ ಹೊರಟುಹೋದ.

ಹೆಂಗಸರು ಒಳಗೆ ಕೂತು ಗೂಡು ಬಿಡಿಸುತ್ತಿದ್ದರು. ಬಾಗಿಲು ಸಂಜೆಯವರೆಗೂ ತೆರೆದೇ ಇತ್ತು.